ನಿಂತ ಚಿತ್ರಗಳು ನಡೆಯುವ ಬಗೆ

ಬ್ರಹ್ಮಕಮಲ ಅರಳುವುದನ್ನು ನೋಡಬೇಕೆಂದು ರಾತ್ರಿ ಜಗಲಿಯಲ್ಲಿ ಕೂತವರನ್ನು ಕೇಳಿ ನೋಡಿ. ಹೂವು ಅರಳಿದ್ದನ್ನು ಎಲ್ಲರೂ ಕಂಡಿರುತ್ತಾರೆ. ಅರಳುತ್ತಿರುವುದನ್ನು ಕಂಡೆ ಎನ್ನುವವರು ಸಿಗುವುದಿಲ್ಲ. ಸಂಜೆ ಏಳೂವರೆಗೆ ಬಾಯಿ ಬಿಗಿದ ಮೊಗ್ಗು. ಒಂಬತ್ತರ ಸುಮಾರಿಗೆ ತುದಿ ಸಡಿಲ. ಹನ್ನೊಂದು ದಾಟುವಾಗ ಅಂಗೈಗಿಂತ ಅಗಲವಾದ ಬಿಳಿ ಹೂವು. ಈ ನಡುವೆ ರೆಪ್ಪೆ ಮಿಟುಕಿಸದೆ ನೋಡುತ್ತ ಕೂತರೂ ಎಸಳು ಸರಿದದ್ದು ಕಣ್ಣಿಗೆ ಬೀಳುವುದಿಲ್ಲ. ಬೆಳಗಾಗುವಷ್ಟರಲ್ಲಿ ಹೂವು ಬಾಡಿ ಜೋತುಬಿದ್ದಿರುತ್ತದೆ.

ಅದೇ ಹೂವನ್ನು ಐದೈದು ನಿಮಿಷಕ್ಕೊಮ್ಮೆ, ಒಂದೇ ಜಾಗದಿಂದ ಫೋಟೋ ತೆಗೆಯಿರಿ. ಆ ಫೋಟೋಗಳನ್ನು ತೆಗೆದ ಕ್ರಮದಲ್ಲೇ ಜೋಡಿಸಿ ಒಂದರ ಹಿಂದೊಂದು ಬೇಗಬೇಗನೆ ತೋರಿಸಿ. ನಾಲ್ಕು ಗಂಟೆಯಲ್ಲಿ ನಡೆದದ್ದು ಹತ್ತು ಸೆಕೆಂಡಿನಲ್ಲಿ ಕಣ್ಣೆದುರು ನಡೆಯುತ್ತದೆ. ಹೊರಗಿನ ಎಸಳುಗಳು ಹಿಂದಕ್ಕೆ ಬಾಗುತ್ತವೆ, ಒಳಗಿನವು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ, ಅರಳುತ್ತ ಅರಳುತ್ತ ಇಡೀ ಹೂವೇ ಸಣ್ಣಗೆ ತೊನೆಯುತ್ತದೆ. ನಮ್ಮ ಓಣಿಯ ಅತ್ತೆಯೊಬ್ಬರ ಮನೆಯ ಹೂವನ್ನು ಹೀಗೆ ಮಾಡಿ ಅವರಿಗೆ ತೋರಿಸಿದಾಗ ಅವರು ಕೇಳಿದ್ದು, "ಹೂವು ಖರೇನೂ ಹಿಂಗೇ ಅಲ್ಲಾಡ್ತದಾ ತಮ್ಮಾ?" ಎಂದು. ಹೌದು, ಖರೇನೂ ಅಲ್ಲಾಡುತ್ತದೆ. ಗಿಡ ನೆಟ್ಟು ನೀರು ಹಾಕಿ ಬೆಳೆಸಿದವರು ಅದನ್ನು ಮೊದಲ ಸಲ ಕಂಡದ್ದು ಆ ಹತ್ತು ಸೆಕೆಂಡಿನಲ್ಲಿ.

ಶಿರಸಿಯಲ್ಲಿ ನನ್ನದು ಫೋಟೋ ಸ್ಟುಡಿಯೋ. ರೀಲು ಹಾಕಿ 36 ಫೋಟೋ ತೆಗೆದು, ಡೆವಲಪ್ ಆಗಿ ಬರುವವರೆಗೆ ಕಾಯುತ್ತಿದ್ದ ಕಾಲದಿಂದ ಈ ಕೆಲಸದಲ್ಲಿದ್ದೇನೆ. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ಆದರೆ ಫೋಟೋಗಳನ್ನು ಸೇರಿಸಿ ಓಡಾಡಿಸುವ ವಿದ್ಯೆ ಬಹಳ ಜನರಿಗೆ ಬೆಳಗಿನ ಶುಭಾಶಯದ ಮಿನುಗುವ ದೀಪ, ಹಾರುವ ಚಿಟ್ಟೆಗಳಷ್ಟೇ ಆಗಿದೆ. ನಿಧಾನವಾದ ಸಂಗತಿಗಳನ್ನು ನೋಡಲು ಇದಕ್ಕಿಂತ ಅಗ್ಗದ ಉಪಕರಣ ನನಗೆ ಗೊತ್ತಿಲ್ಲ. ಅದನ್ನು ಮಾಡುವುದು ಹೇಗೆ, ಅದರ ಹಿಂದೆ ಏನು ನಡೆಯುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಕುದುರೆ, ಬಟಾಣಿ, ಪ್ಲೂಟೋ

ಈ ವಿದ್ಯೆ ಕಂಪ್ಯೂಟರಿಗಿಂತ ಬಹಳ ಹಳೆಯದು. 1832ರಲ್ಲಿ ಬೆಲ್ಜಿಯಂನ ವಿಜ್ಞಾನಿ ಜೋಸೆಫ್ ಪ್ಲಾಟೋ ಒಂದು ದುಂಡು ತಟ್ಟೆಯ ಅಂಚಿನಲ್ಲಿ ನರ್ತಕನ ಬೇರೆ ಬೇರೆ ಭಂಗಿಗಳನ್ನು ಬರೆದು, ತಟ್ಟೆಯನ್ನು ತಿರುಗಿಸಿ, ಸೀಳುಗಳ ಮೂಲಕ ಕನ್ನಡಿಯಲ್ಲಿ ನೋಡುವ ಏರ್ಪಾಡು ಮಾಡಿದ. ಬರೆದ ನರ್ತಕ ಕುಣಿದ. ಮತ್ತೆ ಮತ್ತೆ ಅದೇ ಕುಣಿತ, ಆರಂಭವೂ ಇಲ್ಲ, ಕೊನೆಯೂ ಇಲ್ಲ. ಇವತ್ತು ಮೊಬೈಲಿನಲ್ಲಿ ತಿರುತಿರುಗಿ ಓಡುವ ಚಿತ್ರದ ಅಜ್ಜ ಅದು.

ಫೋಟೋಗಳಿಂದ ಚಲನೆಯನ್ನು ಹಿಡಿದವರಲ್ಲಿ ದೊಡ್ಡ ಹೆಸರು ಎಡ್ವರ್ಡ್ ಮೈಬ್ರಿಜ್. ಓಡುವ ಕುದುರೆಯ ನಾಲ್ಕೂ ಗೊರಸುಗಳು ಯಾವಾಗಲಾದರೂ ಒಟ್ಟಿಗೆ ನೆಲ ಬಿಡುತ್ತವೆಯೇ ಎಂಬ ಪ್ರಶ್ನೆ ಆ ಕಾಲದಲ್ಲಿತ್ತು. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ, ಲೀಲಂಡ್ ಸ್ಟಾನ್‌ಫರ್ಡ್ ಎಂಬ ಶ್ರೀಮಂತನ ಕುದುರೆ ಲಾಯದ ಬಳಿ, ಓಟದ ಹಾದಿಯುದ್ದಕ್ಕೂ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ಹಾದಿಗೆ ಅಡ್ಡಲಾಗಿ ದಾರ ಕಟ್ಟಿದರು. ಕುದುರೆಯ ಕಾಲು ತಾಗಿದಂತೆ ಒಂದೊಂದೇ ಕ್ಯಾಮೆರಾ ತೆರೆದುಕೊಂಡಿತು. ನಾಲ್ಕೂ ಗೊರಸು ನೆಲ ಬಿಡುವುದು ನಿಜ ಎಂದು ಫೋಟೋ ಹೇಳಿತು. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿದಾಗ ಅಲ್ಲ. ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಮಡಚಿ ಬಂದಾಗ. ಶತಮಾನಗಳಿಂದ ಎಲ್ಲರೂ ನೋಡುತ್ತಿದ್ದ ಸಂಗತಿಯನ್ನು 12 ನಿಂತ ಚಿತ್ರಗಳು ತಿದ್ದಿದವು.

ಅದು ಕಣ್ಣಿಗೆ ಮೀರಿದ ವೇಗ. ಕಣ್ಣಿಗೆ ಮೀರಿದ ನಿಧಾನವನ್ನು ನಮ್ಮ ದೇಶದಲ್ಲಿ ಹಿಡಿದವರು ದಾದಾಸಾಹೇಬ್ ಫಾಲ್ಕೆ. 'ರಾಜಾ ಹರಿಶ್ಚಂದ್ರ' 1913ರಲ್ಲಿ ತೆರೆಕಂಡದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲು, 1912ರಲ್ಲಿ, ಅವರು ಕುಂಡದಲ್ಲಿ ಬಟಾಣಿ ಕಾಳು ಬಿತ್ತಿ, ಅದರ ಮುಂದೆ ಕ್ಯಾಮೆರಾ ಇಟ್ಟು, ದಿನದಿನವೂ ಸ್ವಲ್ಪ ಸ್ವಲ್ಪವೇ ಚಿತ್ರ ತೆಗೆಯುತ್ತ ಹೋದರು. ಕಾಳು ಮೊಳೆತು, ಚಿಗುರಿ, ಬಳ್ಳಿಯಾಗುವುದು ಒಂದು ನಿಮಿಷದ ಚೂರಿನಲ್ಲಿ ಕಂಡಿತು. ಸಿನಿಮಾಕ್ಕೆ ಹಣ ಹೂಡಲು ಹಿಂಜರಿಯುತ್ತಿದ್ದವರಿಗೆ ಅವರು ತೋರಿಸಿದ್ದು ಇದನ್ನೇ. ಸಾಲ ಹುಟ್ಟಿತು. ಭಾರತದ ಕಥಾಚಿತ್ರಕ್ಕೆ ಬಂಡವಾಳ ತಂದುಕೊಟ್ಟದ್ದು ಕುಂಡದಲ್ಲಿ ಬೆಳೆದ ಒಂದು ಬಟಾಣಿ ಗಿಡ ಎಂಬುದನ್ನು ನೆನೆದಾಗಲೆಲ್ಲ ನನಗೆ ಈ ಕೆಲಸದ ಮೇಲೆ ಗೌರವ ಹೆಚ್ಚುತ್ತದೆ.

ಇನ್ನೊಂದು ಕಥೆ ಆಕಾಶದ್ದು. 1930ರಲ್ಲಿ ಅಮೆರಿಕದ ಅರಿಜೋನಾದ ಲೊವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಂಬೊ ಎಂಬ ತರುಣ, ಆಕಾಶದ ಒಂದೇ ಭಾಗವನ್ನು ಜನವರಿ 23ರಂದು ಮತ್ತು 29ರಂದು ತೆಗೆದ ಎರಡು ಫೋಟೋಗಳನ್ನು ಒಂದು ಯಂತ್ರದಲ್ಲಿಟ್ಟು, ಇದೊಮ್ಮೆ ಅದೊಮ್ಮೆ ಕಾಣುವಂತೆ ಮಾಡಿ ನೋಡಿದ. ಸಾವಿರಾರು ನಕ್ಷತ್ರಗಳು ಇದ್ದಲ್ಲೇ ಇದ್ದವು. ಒಂದೇ ಒಂದು ಚುಕ್ಕೆ ಆಚೆಯಿಂದ ಈಚೆಗೆ ಹಾರಿತು. ಅದು ಪ್ಲೂಟೋ. ಕೇವಲ ಎರಡು ಫೋಟೋಗಳ ಓಡುವ ಚಿತ್ರ!

ನಿಂತ ಚಿತ್ರಗಳು ನಮಗೆ ನಡೆದಂತೆ ಕಾಣುವುದು ಮೆದುಳಿನ ಕೆಲಸ. ಫಾಲ್ಕೆ ಬಟಾಣಿ ಬೆಳೆಸಿದ 1912ರಲ್ಲೇ ಜರ್ಮನಿಯ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಥೈಮರ್ ಇದರ ಬಗ್ಗೆ ಬರೆದ. ಎರಡು ಗೆರೆಗಳನ್ನು ಬೇರೆ ಬೇರೆ ಜಾಗದಲ್ಲಿ, ತೀರಾ ಕಡಿಮೆ ಅಂತರದಲ್ಲಿ ಒಂದರ ಹಿಂದೊಂದು ಮಿನುಗಿಸಿದರೆ ನೋಡುವವನಿಗೆ ಎರಡು ಗೆರೆ ಕಾಣುವುದಿಲ್ಲ, ಒಂದೇ ಗೆರೆ ಸರಿದಂತೆ ಕಾಣುತ್ತದೆ. ನಡುವಿನ ದಾರಿಯನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ನಮ್ಮ ಹೂವಿಗೆ ಸೆಕೆಂಡಿಗೆ ಐದಾರು ಸಾಕು.

ಅಲುಗದ ಕ್ಯಾಮೆರಾ, ಬದಲಾಗದ ಬೆಳಕು, ತಪ್ಪದ ಹೊತ್ತು

ಇಡೀ ಕೆಲಸದ ಮುಕ್ಕಾಲು ಪಾಲು ಫೋಟೋ ತೆಗೆಯುವಾಗಲೇ ಮುಗಿಯುತ್ತದೆ. ನಂತರ ಕಂಪ್ಯೂಟರ್ ಮಾಡುವುದು ಬರೀ ಜೋಡಣೆ.

ಮೊದಲನೆಯದು ಸ್ಟ್ಯಾಂಡು. ಮೊಬೈಲ್ ಹಿಡಿಯುವ ಕ್ಲಿಪ್ ಇರುವ ಸಾಧಾರಣ ಟ್ರೈಪಾಡ್ ಸಾಕು. ಅದೂ ಇಲ್ಲದಿದ್ದರೆ ಸ್ಟೂಲಿನ ಮೇಲೆ ಎರಡು ಇಟ್ಟಿಗೆ ಇಟ್ಟು ನಡುವೆ ಮೊಬೈಲನ್ನು ಬಿಗಿಯಾಗಿ ನಿಲ್ಲಿಸಿ. ಬ್ರಹ್ಮಕಮಲದ ಮೊಗ್ಗು ಉಬ್ಬಿ, ಸಂಜೆಗೇ ಹೊರಗಿನ ಎಸಳುಗಳು ಸ್ವಲ್ಪ ಸಡಿಲಾಗಿದ್ದರೆ ಅದು ಆ ರಾತ್ರಿಯೇ ಅರಳುತ್ತದೆ ಎಂದು ತಿಳಿಯಬಹುದು. ಬೆಳಕಿರುವಾಗಲೇ ಸ್ಟ್ಯಾಂಡ್ ಹೂಡಿ. ಮೊಗ್ಗಿನ ಸುತ್ತ ಧಾರಾಳ ಜಾಗ ಬಿಡಿ. ಅರಳಿದ ಹೂವು ಮೊಗ್ಗಿಗಿಂತ ಎಷ್ಟೋ ಪಾಲು ಅಗಲ, ಜೊತೆಗೆ ಅದು ಇದ್ದ ಜಾಗದಿಂದ ಸ್ವಲ್ಪ ಸರಿಯುತ್ತದೆ. ಎಲೆಯಂತೆ ಕಾಣುವ ಅದರ ಚಪ್ಪಟೆ ಕಾಂಡ ಗಾಳಿಗೆ ತೂಗದಂತೆ ಹಿಂದಿನಿಂದ ಒಂದು ಕೋಲಿಗೆ ದಾರದಲ್ಲಿ ಕಟ್ಟಿ. ಇದು ಹಿಮಾಲಯದ ಬ್ರಹ್ಮಕಮಲವಲ್ಲ, ಮೆಕ್ಸಿಕೊ ಕಡೆಯಿಂದ ಬಂದ ಕಳ್ಳಿಯ ಜಾತಿ ಎಂಬುದು ಓದುಗರಲ್ಲಿ ಅನೇಕರಿಗೆ ಗೊತ್ತಿರಬಹುದು. ನಮ್ಮ ಮಳೆಗಾಲ ಅದಕ್ಕೆ ಚೆನ್ನಾಗಿ ಒಗ್ಗಿದೆ.

ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಫೋನ್ ಕರೆ ಬಂದು ಅಡ್ಡಿಯಾಗುವುದಿಲ್ಲ. ಚಾರ್ಜರ್ ವಯರನ್ನು ಮೊದಲೇ ಸಿಕ್ಕಿಸಿಡಿ. ಪ್ರತಿ ಸಲ ಬೆರಳಿನಿಂದ ಪರದೆ ಒತ್ತಿದರೆ ಮೊಬೈಲ್ ಕೂದಲೆಳೆಯಷ್ಟಾದರೂ ಸರಿಯುತ್ತದೆ, ಓಡಿಸುವಾಗ ಇಡೀ ಚಿತ್ರ ಕಂಪಿಸುತ್ತದೆ. ಹಾಗಾಗಿ ಮೂರು ಸೆಕೆಂಡಿನ ಟೈಮರ್ ಇಡಿ, ಅಥವಾ ಬ್ಲೂಟೂತನ್ನು ಮಾತ್ರ ಮತ್ತೆ ಆನ್ ಮಾಡಿಕೊಂಡು ಸೆಲ್ಫಿ ಕೋಲಿನ ಜೊತೆ ಬರುವ ಬ್ಲೂಟೂತ್ ರಿಮೋಟ್ ಬಳಸಿ. ಇಂತಿಷ್ಟು ಹೊತ್ತಿಗೊಮ್ಮೆ ತಾನೇ ಫೋಟೋ ತೆಗೆಯುವ ಸೌಲಭ್ಯ ನಿಮ್ಮ ಕ್ಯಾಮೆರಾದಲ್ಲಿದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ಬೆಳಕು. ಒಂದೊಂದೇ ಫೋಟೋ ನೋಡುವಾಗ ಬೆಳಕಿನ ಸಣ್ಣ ಏರಿಳಿತ ಗೊತ್ತಾಗುವುದಿಲ್ಲ. ಜೋಡಿಸಿ ಓಡಿಸಿದಾಗ ಅದು ಮಿಣುಕು ಮಿಣುಕು ಎಂದು ಕಣ್ಣಿಗೆ ಚುಚ್ಚುತ್ತದೆ. ಮೊಬೈಲಿನ ಕ್ಯಾಮೆರಾ ಪ್ರತಿ ಫೋಟೋಕ್ಕೂ ಬೆಳಕನ್ನು ಹೊಸದಾಗಿ ಅಂದಾಜು ಮಾಡುತ್ತದೆ. ಮೊಗ್ಗಿದ್ದಾಗ ಚೌಕಟ್ಟಿನ ತುಂಬ ಕತ್ತಲೆ, ಹೂವಾದಾಗ ನಡುವೆ ದೊಡ್ಡ ಬಿಳುಪು. ಕ್ಯಾಮೆರಾ ಇದನ್ನು ಕಂಡು ತನ್ನಷ್ಟಕ್ಕೆ ಚಿತ್ರವನ್ನು ಮಂಕು ಮಾಡುತ್ತ ಹೋಗುತ್ತದೆ. ಅದನ್ನು ತಡೆಯಲು ಪರದೆಯ ಮೇಲೆ ಮೊಗ್ಗಿನ ಜಾಗವನ್ನು ಒತ್ತಿ ಹಿಡಿದರೆ ಹೆಚ್ಚಿನ ಮೊಬೈಲ್‌ಗಳಲ್ಲಿ ಫೋಕಸ್ಸೂ ಬೆಳಕೂ ಲಾಕ್ ಆಗುತ್ತವೆ. ಪ್ರೊ ಮೋಡ್ ಇದ್ದರೆ ಐಎಸ್‌ಒ, ಶಟರ್ ವೇಗ, ವೈಟ್ ಬ್ಯಾಲೆನ್ಸ್ ಮೂರನ್ನೂ ಒಂದೇ ಕಡೆ ನಿಲ್ಲಿಸಿಬಿಡಿ.

ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅದರಿಂದ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಅದು ತಿಳಿಯದು, ಕ್ಯಾಮೆರಾಕ್ಕೆ ತಿಳಿಯುತ್ತದೆ. ಚಿತ್ರದಲ್ಲಿ ಅಡ್ಡಡ್ಡ ಪಟ್ಟೆಗಳು ಮೂಡುತ್ತವೆ. ಶಟರ್ ವೇಗವನ್ನು 50ರಲ್ಲಿ ಒಂದು ಅಥವಾ 100ರಲ್ಲಿ ಒಂದು ಸೆಕೆಂಡಿಗೆ ಇಟ್ಟರೆ ಪಟ್ಟೆ ಬರುವುದಿಲ್ಲ. ಮಲೆನಾಡಿನ ಮಳೆಗಾಲದ ರಾತ್ರಿಯಲ್ಲಿ ಕರೆಂಟನ್ನು ನೆಚ್ಚುವಂತಿಲ್ಲವಾದ್ದರಿಂದ ಬ್ಯಾಟರಿಯ ದೀಪ ಲೇಸು. ದೀಪವನ್ನು ಹೂವಿನ ಎದುರಿಗೇ ಹಿಡಿಯಬೇಡಿ, ಪಕ್ಕದಿಂದ ಸ್ವಲ್ಪ ಮೇಲೆ ಇಡಿ. ಎಸಳಿನ ಗೆರೆಗಳು ಆಗ ಎದ್ದು ಕಾಣುತ್ತವೆ.

ಮೂರನೆಯದು ಹೊತ್ತು. ಇದು ಸುಲಭದ ಲೆಕ್ಕ. ಏಳೂವರೆಯಿಂದ ಹನ್ನೊಂದೂವರೆಗೆ 240 ನಿಮಿಷ. ಐದು ನಿಮಿಷಕ್ಕೊಂದರಂತೆ ತೆಗೆದರೆ, ಮೊದಲನೆಯದೂ ಸೇರಿ 49 ಫೋಟೋ. ಒಂದೊಂದನ್ನು ಸೆಕೆಂಡಿನ ಐದನೇ ಒಂದು ಭಾಗ ತೋರಿಸಿದರೆ ಸುಮಾರು 10 ಸೆಕೆಂಡಿನ ಓಟ. ಮೋಡದ ಚಲನೆಗೆ ಐದು ನಿಮಿಷ ಬಹಳವಾಯಿತು, ಐದು ಸೆಕೆಂಡು ಬೇಕು. ಹೆಸರುಕಾಳು ಮೊಳೆಯುವುದಕ್ಕೆ ಅರ್ಧ ಗಂಟೆಗೊಂದು ಸಾಕು. ಏನೇ ಇರಲಿ, ಅಂತರ ಸಮನಾಗಿರಬೇಕು. ನಡುವೆ ಎರಡು ಫೋಟೋ ತಪ್ಪಿದರೆ ಅಲ್ಲಿ ಹೂವು ಎಗರಿದಂತೆ ಕಾಣುತ್ತದೆ. ಹೆಚ್ಚಾದ ಫೋಟೋಗಳನ್ನು ಆಮೇಲೆ ತೆಗೆದುಹಾಕಬಹುದು. ತೆಗೆಯದ ಫೋಟೋವನ್ನು ಎಲ್ಲಿಂದ ತರುವುದು? ಚೌಕಟ್ಟಿನ ಮೂಲೆಯಲ್ಲಿ ಒಂದು ಗಡಿಯಾರ ಇಟ್ಟರೆ ಎಷ್ಟು ಹೊತ್ತಿನಲ್ಲಿ ಏನಾಯಿತು ಎಂಬುದು ನೋಡುವವರಿಗೆ ಚಿತ್ರದಲ್ಲೇ ತಿಳಿಯುತ್ತದೆ. ಶಾಲೆಯ ಮಕ್ಕಳ ಜೊತೆ ಮಾಡುವುದಾದರೆ ಈ ಗಡಿಯಾರ ಇರಲೇಬೇಕು.

ಜೋಡಿಸುವ ಕೆಲಸ

ಮೊಬೈಲಿನಲ್ಲೇ ಮುಗಿಸುವುದಾದರೆ ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಹೊಸದನ್ನು ರಚಿಸುವ ಆಯ್ಕೆಗಳ ನಡುವೆ ಆ್ಯನಿಮೇಶನ್ ಎಂಬುದಿದೆ. ಎರಡರಿಂದ 50 ಫೋಟೋಗಳವರೆಗೆ ಆರಿಸಿ ಒತ್ತಿದರೆ ಅದು ತಾನೇ ಜೋಡಿಸಿಕೊಡುತ್ತದೆ. ಮೇಲಿನ ಲೆಕ್ಕದ 49 ಫೋಟೋಗಳು ಅದರಲ್ಲಿ ಹಿಡಿಸುತ್ತವೆ. ಆದರೆ ವೇಗ, ಅಳತೆ ನಿಮ್ಮ ಕೈಯಲ್ಲಿರುವುದಿಲ್ಲ.

ನಾನು ಬಳಸುವುದು ಗಿಂಪ್ ಎಂಬ ತಂತ್ರಾಂಶ. ಹಣ ಕೊಡಬೇಕಾಗಿಲ್ಲ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ಮೊದಲು ಎಲ್ಲ ಫೋಟೋಗಳನ್ನು ಒಂದು ಫೋಲ್ಡರಿಗೆ ನಕಲು ಮಾಡಿ. ಮೂಲ ಫೋಟೋಗಳನ್ನು ಮುಟ್ಟಬೇಡಿ. 01, 02, 03 ಎಂದು ಕ್ರಮವಾಗಿ ಹೆಸರಿಡಿ. ಗಿಂಪ್ ತೆರೆದು ಫೈಲ್ ಮೆನುವಿನಲ್ಲಿ 'ಓಪನ್ ಆ್ಯಸ್ ಲೇಯರ್ಸ್' ಒತ್ತಿ, ಎಲ್ಲವನ್ನೂ ಒಟ್ಟಿಗೆ ಆರಿಸಿ. ಪ್ರತಿ ಫೋಟೋ ಒಂದೊಂದು ಪದರವಾಗಿ ಕೂರುತ್ತದೆ. ಎಲ್ಲಕ್ಕಿಂತ ಕೆಳಗಿನ ಪದರ ಮೊದಲು ಕಾಣುವಂಥದ್ದು, ಎಲ್ಲಕ್ಕಿಂತ ಮೇಲಿನದು ಕೊನೆಯದು. ಕ್ರಮ ಸರಿಯಿದೆಯೇ ಎಂದು ಇಲ್ಲಿಯೇ ನೋಡಿಕೊಳ್ಳಿ.

ಆಮೇಲೆ ಕ್ರಾಪ್ ಉಪಕರಣದಿಂದ ಬೇಡದ ಅಂಚನ್ನು ಕತ್ತರಿಸಿ. ಎಲ್ಲ ಪದರಗಳೂ ಒಂದೇ ಅಳತೆಗೆ ಬರುತ್ತವೆ. ಇಮೇಜ್ ಮೆನುವಿನ 'ಸ್ಕೇಲ್ ಇಮೇಜ್'ನಲ್ಲಿ ಅಗಲವನ್ನು 480 ಪಿಕ್ಸೆಲ್ಲಿಗೆ ಇಳಿಸಿ. ಫಿಲ್ಟರ್ಸ್ ಮೆನುವಿನಲ್ಲಿ ಆ್ಯನಿಮೇಶನ್, ಅದರೊಳಗೆ 'ಪ್ಲೇಬ್ಯಾಕ್' ಒತ್ತಿದರೆ ಓಡಿಸಿ ನೋಡಬಹುದು. ಮನಸ್ಸಿಗೆ ಬಂದ ಮೇಲೆ ಅದೇ ಜಾಗದಲ್ಲಿರುವ 'ಆಪ್ಟಿಮೈಸ್ ಫಾರ್ ಜಿಫ್' ಒತ್ತಿ. ಜಿಫ್ ಎಂದರೆ ಓಡುವ ಚಿತ್ರವನ್ನು ಹಿಡಿದಿಡುವ ಕಡತದ ಒಂದು ಬಗೆ. ಕೊನೆಗೆ ಫೈಲ್ ಮೆನುವಿನ 'ಎಕ್ಸ್‌ಪೋರ್ಟ್ ಆ್ಯಸ್'ನಲ್ಲಿ ಹೆಸರಿನ ಬಾಲಕ್ಕೆ ಜಿಫ್ (.gif) ಎಂಬ ಗುರುತು ಸೇರಿಸಿ, ತೆರೆಯುವ ಪಟ್ಟಿಯಲ್ಲಿ 'ಆ್ಯಸ್ ಆ್ಯನಿಮೇಶನ್', 'ಲೂಪ್ ಫಾರೆವರ್' ಎರಡಕ್ಕೂ ಗುರುತು ಹಾಕಿ, ಚಿತ್ರಗಳ ನಡುವಿನ ಅಂತರವನ್ನು 200 ಮಿಲಿಸೆಕೆಂಡ್ ಎಂದು ತುಂಬಿ. ಅಷ್ಟೇ.

ವೇಗದಲ್ಲಿ ಒಂದು ಸೂಕ್ಷ್ಮವಿದೆ. ಹೂವು ಪೂರ್ತಿ ಅರಳಿದ ಕೂಡಲೇ ಮತ್ತೆ ಮೊಗ್ಗಿಗೆ ಹಾರಿದರೆ ನೋಡುವವರ ಮನಸ್ಸಿಗೆ ತೃಪ್ತಿಯಾಗುವುದಿಲ್ಲ. ಕೊನೆಯ ಚಿತ್ರ ಎರಡು ಸೆಕೆಂಡಾದರೂ ನಿಲ್ಲಬೇಕು. ಗಿಂಪ್‌ನಲ್ಲಿ ಆ ಪದರದ ಹೆಸರಿನ ಮುಂದೆ ಕಂಸದಲ್ಲಿ 2000 ಎಂದು ಬರೆದು ಅದರ ಬೆನ್ನಿಗೇ ಮಿಲಿಸೆಕೆಂಡಿನ ಗುರುತಾದ ಎಮ್, ಎಸ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿದರೆ ಆ ಚಿತ್ರಕ್ಕೆ ಮಾತ್ರ ಅಷ್ಟು ಹೊತ್ತು ಸಿಗುತ್ತದೆ. ಕೆಲವರು ಅರಳಿದ ಚಿತ್ರಗಳನ್ನೇ ತಿರುವುಮುರುವಾಗಿ ಹಚ್ಚಿ ಹೂವು ಮತ್ತೆ ಮುಚ್ಚಿದಂತೆ ಮಾಡುತ್ತಾರೆ. ನೋಡಲು ನಯವಾಗಿರುತ್ತದೆ, ಆದರೆ ಬ್ರಹ್ಮಕಮಲ ಹಾಗೆ ಮುಚ್ಚುವುದಿಲ್ಲ, ಬಾಡುತ್ತದೆ. ಮಕ್ಕಳು ಇದನ್ನು ನೋಡಿ ಕಲಿಯುತ್ತಾರೆ ಎಂಬ ನೆನಪು ನಮಗಿರಬೇಕು. ನಡೆದದ್ದನ್ನು ನಡೆದ ಕ್ರಮದಲ್ಲಿ ತೋರಿಸಿ.

256 ಬಣ್ಣಗಳ ಪೆಟ್ಟಿಗೆ

ಹೀಗೆ ಸಿದ್ಧವಾಗುವ ಜಿಫ್ ಕಡತ ಹುಟ್ಟಿದ್ದು 1987ರಲ್ಲಿ. ಅಮೆರಿಕದ ಕಂಪ್ಯುಸರ್ವ್ ಎಂಬ ಸಂಸ್ಥೆಯಲ್ಲಿ ಸ್ಟೀವ್ ವಿಲ್‌ಹೈಟ್ ಮತ್ತವರ ತಂಡ ಇದನ್ನು ರೂಪಿಸಿತು. ಆಗ ಟೆಲಿಫೋನ್ ತಂತಿಯ ಮೇಲೆ ಮಾಹಿತಿ ಆಮೆಗತಿಯಲ್ಲಿ ಸಾಗುತ್ತಿತ್ತು. ಬಣ್ಣದ ಚಿತ್ರವನ್ನು ಸಣ್ಣದಾಗಿ ಮಡಚಿ ಕಳಿಸುವುದು ಅದರ ಉದ್ದೇಶ. 1989ರ ಪರಿಷ್ಕರಣೆಯಲ್ಲಿ ಒಂದೊಂದು ಚಿತ್ರ ಎಷ್ಟು ಹೊತ್ತು ನಿಲ್ಲಬೇಕೆಂದು, ಸೆಕೆಂಡಿನ ನೂರನೇ ಭಾಗದ ಲೆಕ್ಕದಲ್ಲಿ, ಬರೆದಿಡುವ ಅನುಕೂಲ ಬಂತು. ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಓಡುವ ಗುಣವನ್ನು ಸೇರಿಸಿದ್ದು 1990ರ ದಶಕದ ನಡುವಿನ ನೆಟ್‌ಸ್ಕೇಪ್ ಬ್ರೌಸರ್.

ಜಿಫ್‌ಗೆ ಒಂದು ಮಿತಿಯಿದೆ. ಒಂದು ಚಿತ್ರದಲ್ಲಿ ಹೆಚ್ಚೆಂದರೆ 256 ಬಣ್ಣ. ನಿಮ್ಮ ಮೊಬೈಲಿನ ಫೋಟೋದಲ್ಲಿ ಲಕ್ಷಗಟ್ಟಲೆ ಬಣ್ಣಗಳ ಛಾಯೆ ಇರುತ್ತದೆ. ಅವುಗಳಲ್ಲಿ 256ನ್ನು ಆರಿಸಿ ಉಳಿದವನ್ನು ಹತ್ತಿರದ ಬಣ್ಣಕ್ಕೆ ಸೇರಿಸಬೇಕು. ಕಪ್ಪು ಹಿನ್ನೆಲೆ, ಹಸಿರು ಕಾಂಡ, ಬಿಳಿ ಹೂವು ಇರುವ ನಮ್ಮ ಚಿತ್ರಕ್ಕೆ ಅಷ್ಟು ಸಾಕು. ಯಾಣದ ಸೂರ್ಯಾಸ್ತದ ಆಕಾಶಕ್ಕೆ ಸಾಲದು. ಕೇಸರಿಯಿಂದ ನೀಲಿಗೆ ನಯವಾಗಿ ಇಳಿಯುವ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಅಂಥ ಕಡೆ ಚುಕ್ಕೆಗಳನ್ನು ಬೆರೆಸಿ ನಯ ಮಾಡುವ ಡಿದರಿಂಗ್ ಎಂಬ ಉಪಾಯವಿದೆ. ಅದಕ್ಕೂ ಬಗ್ಗದಿದ್ದರೆ ಅದೇ ಫೋಟೋಗಳಿಂದ ವೀಡಿಯೋ ಮಾಡುವುದು ಒಳ್ಳೆಯದು. ಬಣ್ಣ ಕಳೆಯದ ಎಪಿಎನ್‌ಜಿ, ವೆಬ್‌ಪಿ ಎಂಬ ಹೊಸ ಬಗೆಗಳೂ ಇವೆ.

ಕಡತದ ತೂಕದ ಲೆಕ್ಕ ತಿಳಿದರೆ ಅಗಲವನ್ನು 480ಕ್ಕೆ ಏಕೆ ಇಳಿಸಿದೆವು ಎಂಬುದು ಸ್ಪಷ್ಟವಾಗುತ್ತದೆ. ಜಿಫ್‌ನಲ್ಲಿ ಒಂದು ಚುಕ್ಕೆಗೆ, ಅಂದರೆ ಪಿಕ್ಸೆಲ್ಲಿಗೆ, ಒಂದು ಬೈಟ್. ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೋದಲ್ಲಿ 1 ಕೋಟಿ 20 ಲಕ್ಷ ಚುಕ್ಕೆಗಳು. ಅಂಥ 49 ಸೇರಿದರೆ ಮಡಚುವ ಮೊದಲು ಸುಮಾರು 59 ಕೋಟಿ ಬೈಟ್. 480ಕ್ಕೆ 640ರ ಅಳತೆಯಲ್ಲಿ ಅದು ಒಂದೂವರೆ ಕೋಟಿಗೆ ಇಳಿಯುತ್ತದೆ. ಮಡಚಿದ ಮೇಲೆ ಇನ್ನೂ ಕಡಿಮೆ.

ಆಪ್ಟಿಮೈಸ್ ಮಾಡುವುದೆಂದರೆ ಹಿಂದಿನ ಚಿತ್ರಕ್ಕೂ ಈ ಚಿತ್ರಕ್ಕೂ ಎಲ್ಲಿ ವ್ಯತ್ಯಾಸವಿದೆಯೋ ಅಷ್ಟನ್ನೇ ಉಳಿಸಿಕೊಳ್ಳುವುದು. ಕತ್ತಲೆಯ ಹಿನ್ನೆಲೆ ಬದಲಾಗದಿದ್ದರೆ ಅದನ್ನು ಒಮ್ಮೆ ಬರೆದರೆ ಸಾಕು. ಅಲುಗದ ಸ್ಟ್ಯಾಂಡಿನ ಇನ್ನೊಂದು ಲಾಭ ಇಲ್ಲಿ ಸಿಗುತ್ತದೆ. ಕ್ಯಾಮೆರಾ ಒಂದಿಷ್ಟು ಸರಿದರೂ ಎಲ್ಲ ಚುಕ್ಕೆಗಳೂ ಬದಲಾದಂತೆ ಲೆಕ್ಕ, ಕಡತ ದಪ್ಪವಾಗುತ್ತದೆ. ಕಡಿಮೆ ಬೆಳಕಿನಲ್ಲಿ ಐಎಸ್‌ಒ ಏರಿಸಿ ತೆಗೆದ ಫೋಟೋದ ರವೆರವೆಯೂ ಹೀಗೆಯೇ ತೂಕ ಏರಿಸುತ್ತದೆ. ಕ್ಯಾಮೆರಾ ಗಟ್ಟಿಯಾಗಿ ನಿಂತು ಬೆಳಕು ಸಾಕಷ್ಟಿದ್ದರೆ ಚಿತ್ರವೂ ಚೆನ್ನ, ಕಡತವೂ ಹಗುರ.

ವಾಟ್ಸಾಪ್‌ನಲ್ಲಿ ಕಳಿಸುವಾಗ ಒಂದು ಮಾತು. ಅದು ನಿಮ್ಮ ಚಿತ್ರವನ್ನು ತನ್ನ ರೀತಿಗೆ ಬದಲಿಸಿ ಕಳಿಸುತ್ತದೆ. ಮೂಲ ಕಡತವೇ ತಲುಪಬೇಕಾದರೆ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ.

ಚೌಕಿಯಲ್ಲಿ ಒಂದು ಮುಖ

ಹೂವು ನಾವು ಹೇಳಿದ ಕಡೆ ಇರುತ್ತದೆ. ಮನುಷ್ಯರು ಹಾಗಲ್ಲ. ನನಗೆ ಬಹಳ ಪ್ರೀತಿಯ ಕೆಲಸವೆಂದರೆ ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವುದನ್ನು ಹೀಗೆ ಹಿಡಿಯುವುದು. ಕಲಾವಿದರು ಕನ್ನಡಿ ಹಿಡಿದು ಕೂತು ಬಣ್ಣ ಹಚ್ಚಿಕೊಳ್ಳುವಾಗ, ಒಂದೊಂದು ಹಂತ ಮುಗಿದ ಮೇಲೆ ಒಂದು ಕ್ಷಣ ನೇರ ನೋಡಲು ಕೇಳಿಕೊಳ್ಳುತ್ತೇನೆ. ಬರಿ ಮುಖ, ಮುಖಕ್ಕೆಲ್ಲ ತಳಬಣ್ಣ, ಹುಬ್ಬು, ಕಣ್ಣಿನ ಕಾಡಿಗೆ, ಹಣೆಯ ನಾಮ, ಮೀಸೆ, ತಲೆಗೆ ಬಿಗಿದ ಬಟ್ಟೆ, ಕೊನೆಗೆ ಕಿರೀಟ. ಹತ್ತು ಹನ್ನೆರಡು ಚಿತ್ರ ಸಾಕು. ಊರಿನ ಪರಿಚಯದ ಮುಖ ಕಣ್ಣೆದುರೇ ಅರ್ಜುನನಾಗಿಯೋ ಕೌರವನಾಗಿಯೋ ಏಳುತ್ತದೆ. ಇಲ್ಲಿ ಸಮ ಅಂತರದ ಮಾತಿಲ್ಲ, ಹಂತವೇ ಲೆಕ್ಕ. ಒಂದೊಂದು ಚಿತ್ರವೂ ಮುಕ್ಕಾಲು ಸೆಕೆಂಡಾದರೂ ನಿಲ್ಲಬೇಕು. ಏನು ಬದಲಾಯಿತು ಎಂದು ನೋಡುವವರಿಗೆ ಗೊತ್ತಾಗಬೇಕು.

ಕಷ್ಟವೆಂದರೆ ಪ್ರತಿ ಸಲವೂ ತಲೆ ಅದೇ ಜಾಗಕ್ಕೆ ಬರುವುದಿಲ್ಲ. ಇದಕ್ಕೆ ಗಿಂಪ್‌ನಲ್ಲಿ ದಾರಿಯಿದೆ. ಮೇಲಿನ ಪದರದ ಅಪಾರದರ್ಶಕತೆಯನ್ನು, ಅಂದರೆ 'ಒಪ್ಯಾಸಿಟಿ'ಯನ್ನು, 50ಕ್ಕೆ ಇಳಿಸಿ. ಕೆಳಗಿನ ಮುಖ ಅದರ ಮೂಲಕ ಕಾಣುತ್ತದೆ. ಮೂವ್ ಉಪಕರಣದಿಂದ ಮೇಲಿನ ಪದರವನ್ನು ಸರಿಸುತ್ತ ಎರಡೂ ಕಣ್ಣುಗಳನ್ನು ಕೆಳಗಿನ ಕಣ್ಣುಗಳ ಮೇಲೆ ಕೂರಿಸಿ. ಕಣ್ಣು ಕೂತರೆ ಮುಖ ಕೂತಂತೆ. ಮತ್ತೆ 100ಕ್ಕೆ ಏರಿಸಿ ಮುಂದಿನ ಪದರಕ್ಕೆ ಹೋಗಿ. ಮುಗಿದ ಮೇಲೆ ಅಂಚುಗಳನ್ನು ಕತ್ತರಿಸಿ.

ಚೌಕಿಯಲ್ಲಿ ಫ್ಲ್ಯಾಶ್ ಹಾಕಬಾರದು. ಕಲಾವಿದರ ಕಣ್ಣಿಗೆ ತೊಂದರೆ, ಕನ್ನಡಿಯಲ್ಲಿ ಮಿಂಚು. ಕೇಳದೆ ಫೋಟೋ ತೆಗೆಯಬಾರದು. ಚೌಕಿಗೆ ಅದರದೇ ಮರ್ಯಾದೆ ಇದೆ, ಗಣಪತಿಯ ಪೂಜೆ ನಡೆಯುವ ಜಾಗ ಅದು. ಮಾಡಿದ ಚಿತ್ರವನ್ನು ಮೊದಲು ಆ ಕಲಾವಿದರಿಗೇ ತೋರಿಸಿ, ಅವರು ಒಪ್ಪಿದ ಮೇಲೆ ಬೇರೆಯವರಿಗೆ ಕೊಡಿ.

ಒಂದು ವರ್ಷದ ಚಿತ್ರ

ಈ ವಿದ್ಯೆಯ ದೊಡ್ಡ ಬಳಕೆ ಇರುವುದು ಊರು, ಕಾಡು, ನೀರಿನ ವಿಷಯದಲ್ಲಿ. ಜೋಗವನ್ನು ಎಲ್ಲರೂ ಮಳೆಗಾಲದಲ್ಲಿ ನೋಡಿ ಬರುತ್ತಾರೆ. 253 ಮೀಟರ್ ಎತ್ತರದ ಅದೇ ಬಂಡೆಯನ್ನು, ಕಟಾಂಜನದ ಅದೇ ಕಂಬದ ಪಕ್ಕ ನಿಂತು, ತಿಂಗಳಿಗೊಂದರಂತೆ ಒಂದು ವರ್ಷ ಫೋಟೋ ತೆಗೆದವರ ಕೈಯಲ್ಲಿ 12 ಚಿತ್ರವಿರುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಒಂದಾಗುವುದು, ತೆಳುವಾಗುವುದು, ಬೇಸಿಗೆಯಲ್ಲಿ ಕಪ್ಪು ಬಂಡೆ ಉಳಿಯುವುದು ಅದರಲ್ಲಿ ಓಡುತ್ತದೆ. ಮೇಲಿನ ಲಿಂಗನಮಕ್ಕಿ ಜಲಾಶಯದಲ್ಲಿ ಶರಾವತಿಯ ನೀರು ಇಳಿದಾಗ, 1964ರಲ್ಲಿ ಮುಳುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಮಳೆ ಹಿಡಿದರೆ ಮತ್ತೆ ಮುಳುಗುತ್ತದೆ. ಅದು ಏಳುವುದನ್ನೂ ಮುಳುಗುವುದನ್ನೂ ಇದೇ ಕ್ರಮದಲ್ಲಿ ಹಿಡಿಯಬಹುದು.

ಇಂಥ ದೀರ್ಘ ಕೆಲಸಕ್ಕೆ ಸ್ಟ್ಯಾಂಡ್ ಅಲ್ಲೇ ಬಿಟ್ಟು ಬರಲಾಗುವುದಿಲ್ಲ. ಅದಕ್ಕಾಗಿ ಕದಲದ ಎರಡು ಗುರುತು ಇಟ್ಟುಕೊಳ್ಳಿ: ಒಂದು ಹತ್ತಿರದ್ದು, ಒಂದು ದೂರದ್ದು. ಬಾವಿಕಟ್ಟೆಯ ಮೂಲೆ ದೂರದ ದೇವಸ್ಥಾನದ ಕಳಶದ ನೇರಕ್ಕೆ ಬರಬೇಕು ಎಂದು ಗೊತ್ತು ಮಾಡಿಕೊಂಡರೆ ಪ್ರತಿ ಸಲವೂ ಅದೇ ನೇರದಲ್ಲಿ ನಿಂತಂತಾಯಿತು. ಮೊದಲ ಫೋಟೋವನ್ನು ಜೊತೆಗೆ ಒಯ್ದು ಹೋಲಿಸಿ ನೋಡಿ. ದಿನದ ಒಂದೇ ಹೊತ್ತಿಗೆ ಹೋಗಿ, ನೆರಳು ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತದೆ. ಜೂಮ್ ಬಳಸಬೇಡಿ. ತಾರೀಕನ್ನು ಫೋಟೋದ ಹೆಸರಿನಲ್ಲೇ, ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬರೆಯಿರಿ. ಕಂಪ್ಯೂಟರ್ ತಾನೇ ಸಾಲಾಗಿ ನಿಲ್ಲಿಸುತ್ತದೆ.

ನಮ್ಮ ಊರಿನ ಕೆರೆ ತುಂಬಿದ್ದು, ಒಣಗಿದ್ದು, ಗುಡ್ಡ ಬೋಳಾದದ್ದು, ಮತ್ತೆ ಚಿಗುರಿದ್ದು, ರಸ್ತೆ ಅಗಲವಾಗಿ ಸಾಲುಮರ ಹೋದದ್ದು ಎಲ್ಲವೂ ನಮ್ಮ ಕಣ್ಣೆದುರೇ ನಡೆಯುತ್ತದೆ. ನಿಧಾನವಾಗಿ ನಡೆಯುವುದರಿಂದ ನಾವು ಕಾಣುವುದಿಲ್ಲ. ಮೊದಲಿಗೆ ಹೀಗಿರಲಿಲ್ಲ ಎಂದು ಹಿರಿಯರು ಹೇಳಿದರೆ ಕಿರಿಯರು ನಂಬುವುದಿಲ್ಲ. ಒಂದೇ ಜಾಗದಿಂದ, ತಾರೀಕು ಬರೆದು ತೆಗೆದ ಫೋಟೋಗಳ ಸಾಲು ಇದ್ದರೆ ವಾದಕ್ಕೆ ಜಾಗವಿರುವುದಿಲ್ಲ. ಗ್ರಾಮಸಭೆಯಲ್ಲಿ ಕೆರೆಯ ಹೂಳಿನ ಬಗ್ಗೆ ಅರ್ಧ ಗಂಟೆ ಮಾತಾಡುವುದಕ್ಕಿಂತ ಹತ್ತು ಸೆಕೆಂಡಿನ ಆ ಚಿತ್ರ ಹೆಚ್ಚು ಹೇಳೀತು.

ಪ್ರತಿ ಶಾಲೆಯೂ ತನ್ನ ಊರಿನ ಒಂದು ಕೆರೆಯನ್ನೋ ಮರವನ್ನೋ ಆರಿಸಿಕೊಳ್ಳಲಿ. ಪ್ರತಿ ತಿಂಗಳ ಮೊದಲ ಸೋಮವಾರ, ಅದೇ ಹೊತ್ತಿಗೆ, ಅದೇ ಗುರುತಿನಲ್ಲಿ ನಿಂತು ಒಂದು ಫೋಟೋ ತೆಗೆದು ತಾರೀಕು ಬರೆದಿಡಲಿ. ಜೋಡಿಸುವುದನ್ನು ಯಾವಾಗ ಬೇಕಾದರೂ ಕಲಿಯಬಹುದು, ಅದು ಒಂದು ಮಧ್ಯಾಹ್ನದ ಕೆಲಸ. ಕಳೆದ ತಿಂಗಳ ಕೆರೆಯ ಫೋಟೋವನ್ನು ಈ ತಿಂಗಳು ಯಾರೂ ತೆಗೆಯಲಾರರು. ಹಾಗಾಗಿ ಮೊದಲ ಫೋಟೋವನ್ನು ಈ ವಾರವೇ ತೆಗೆಯಿರಿ.